‘ಮೆತ್ತಗೆ’ ಕೇಳಿದವರು

ಕೊಪ್ಪ, ಮದ್ದೂರು ತಾಲ್ಲೂಕು
೧೭ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಅಣ್ಣಾ,

ಅವ್ವ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕಾಗದ ಕೈಗೆ ಬಂದ ಕೂಡಲೇ ನಿನ್ನ ಎದೆ ಧಸಕ್ಕೆನ್ನುತ್ತದೆ. ಈಗಿನ ಕಾಲದಲ್ಲಿ ಕಾಗದ ಯಾಕೆ ಅಂತೀಯಾ? ಫೋನಿನಲ್ಲಿ ‘ಮೆತ್ತಗೆ’ ಎಂಬ ಹೆಸರೆತ್ತಿದರೆ ಸಾಕು, ಧಾರವಾಡದಲ್ಲಿ ಸಿಗ್ನಲ್ ಹೋಗುತ್ತದೆ. ಇಲ್ಲವೇ ನಿಮ್ಮ ನಾಟಕ ಕಂಪನಿಯ ಮೈಕು ಕೆಡುತ್ತದೆ. ಕಾಗದವನ್ನಾದರೆ ಮಡಿಚಿಟ್ಟರೂ ಮತ್ತೆ ತೆಗೆದು ಓದುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತು.

ಹೋದ ತಿಂಗಳು ಒಂದು ಸಂಜೆ ಸ್ಕೂಲು ಮುಗಿಸಿ ಮದ್ದೂರಿನಲ್ಲಿ ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಗೆಜ್ಜಲಗೆರೆಯ ಫ್ಯಾಕ್ಟರಿಯಿಂದ ಬಂದ ಹುಡುಗಿ, ಕೊರಳಲ್ಲಿ ಇನ್ನೂ ಐಡಿ ಕಾರ್ಡು. ಕಿಟಕಿಗೆ ತಲೆ ಆನಿಸಿಕೊಂಡು ತನ್ನಷ್ಟಕ್ಕೆ ಗುನುಗುತ್ತಿದ್ದಳು. ಒಂದು ಸಾಲು ಕೇಳುವಷ್ಟರಲ್ಲಿ ಅವಳ ಕಡೆ ತಿರುಗಿದೆ. ನಾಟಿ ಗದ್ದೆಯಲ್ಲಿ ಅವ್ವ ಹಾಡುತ್ತಿದ್ದ ಹಾಡು ಅದು! ನಮ್ಮ ಕೇರಿಯ ಹೆಂಗಸರನ್ನು ಬಿಟ್ಟರೆ ಇನ್ನೊಬ್ಬರ ಬಾಯಲ್ಲಿ ಆ ಧಾಟಿಯನ್ನು ನಾನು ಕೇಳಿದವಳೇ ಅಲ್ಲ. ಎಲ್ಲಿ ಕಲಿತೆ ಎಂದು ಕೇಳಿದೆ.

“‘ಮೆತ್ತಗೆ’ ಕೇಳಿಲ್ವಾ ಮೇಡಂ? ತೂಬು ಬ್ಯಾಂಡ್‌ದು. ಅವ್ರ ಬೇರೆ ಆಲ್ಬಮ್ಮೆಲ್ಲ ಬರೀ ಡಬಡಬ, ಜನ ಅದ್ನೇ ಕೇಳೋದು. ಇದೊಂದ್ನ ಯಾರೂ ಮೂಸೂ ನೋಡ್ಲಿಲ್ಲ. ಆದ್ರೆ ಅವ್ರು ಮಾಡಿರೋದ್ರಲ್ಲಿ ಇದೇ ಚಿನ್ನ!”

ಅವಳ ಹೆಸರು ದೀಪಿಕ. ತೂಬು ಅಂದರೆ ಎಷ್ಟು ದೊಡ್ಡ ರಾಕ್ ಬ್ಯಾಂಡು, ಅದರ ಗಿಟಾರಿನ ಸಿದ್ದೇಶ್ ಯಾರು, ಅವನು ಹಟ ಹಿಡಿದು ಈ ಸದ್ದಿಲ್ಲದ ಆಲ್ಬಮ್ ಮಾಡಿಸಿದ್ದು, ಅದು ಬಿದ್ದುಹೋದ ಮೇಲೆ ತಂಡ ಬಿಟ್ಟಿದ್ದು, ಎಲ್ಲವನ್ನೂ ಕೊಪ್ಪ ಬರುವ ತನಕ ನನಗೆ ವಿವರಿಸಿದಳು. ಅವಳ ಲೆಕ್ಕದಲ್ಲಿ ನೀನೀಗ ಕೆನಡಾದಲ್ಲಿ ಹೋಟೆಲು ನಡೆಸುತ್ತಿದ್ದೀಯಂತೆ. ನಾನು ಹೌದಾ, ಹೌದಾ ಎಂದು ಕೇಳಿಸಿಕೊಂಡೆ. ನಿನ್ನ ತಂಗಿ ಎಂದು ಹೇಳಲು ಬಾಯಿ ಬರಲಿಲ್ಲ.

ಯಾಕೆ ಬರಲಿಲ್ಲ ಎನ್ನುವುದಕ್ಕೆ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು.

ಮೈಸೂರಿನ ಶೋನಲ್ಲಿ ಜನ ‘ಹಳೇದ್ ಹಾಕ್ರೋ’ ಎಂದು ಕೂಗಿ ನಿಮ್ಮನ್ನು ಅರ್ಧಕ್ಕೇ ಇಳಿಸಿದ್ದು, ನಿಮ್ಮ ತಂಡದ ಶಶಿಧರ್ ಅದೇ ವೇದಿಕೆಯ ಹಿಂದೆ ನಿಂತು ಇದೆಲ್ಲಾ ಸಿದ್ದೇಶನ ಹಟ ಎಂದು ಪತ್ರಿಕೆಯವರ ಮುಂದೆ ಕೈ ತೊಳೆದುಕೊಂಡಿದ್ದು ನಿನಗೆ ಗೊತ್ತು. ಆ ವಾರ ನಾಗಮಣಕ್ಕನ ಮನೆಯ ಟೀವಿಯಲ್ಲೂ ನಿಮ್ಮ ಸುದ್ದಿ ಬಂತು. ನಿರೂಪಕ ‘ಕೆಸರು’ ಹಾಡಿನ ಕೊನೆಯ ಭಾಗ ಹಾಕಿದ, ನೀನು ಗದ್ದೆಯಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಅವ್ವನ ದನಿ ಬರುವಲ್ಲಿ. ಯಾರಪ್ಪಾ ಈ ಅಜ್ಜಿ, ಹಲ್ಲುನೋವಾ ಎಂದ. ಸ್ಟುಡಿಯೋದಲ್ಲಿ ಅವನ ಪಕ್ಕ ಕೂತವರೆಲ್ಲ ನಕ್ಕರು. ಅವ್ವ ಆಗ ನಾಗಮಣಕ್ಕನ ಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಮಗನ ಹಾಡು ಟೀವಿಯಲ್ಲಿ ಬರುತ್ತದೆಂದು ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿದ್ದಳು ಅಣ್ಣಾ.

ಮನೆಗೆ ಬಂದವಳು ಒಂದೇ ಮಾತು ಹೇಳಿದಳು. “ನನ್ ದನಿ ಸೇರ್ದೆ ಓಗಿದ್ರೆ ನನ್ ಮಗನ ಆಡು ಓಡ್ತಿತ್ತು ಕಣವ್ವ. ನಾನೇ ಅವನ್ ಬಾಳ್ ಕೆಡಿಸ್ಬುಟ್ಟೆ. ಅವನ್ಗೆ ಇದ್ನ ಯೋಳ್ಬ್ಯಾಡ.”

ಆಮೇಲೆ ಅವ್ವ ಹಾಡಲಿಲ್ಲ. ನಾಟಿಯಲ್ಲಿ ಹೆಂಗಸರು ಎಷ್ಟು ಪೀಡಿಸಿದರೂ ಗಂಟಲು ಕಟ್ಟಿದೆ ಎನ್ನುತ್ತಿದ್ದಳು. ನಾಗಮಣಕ್ಕನ ಮೊಮ್ಮಗಳನ್ನು ತೂಗುವಾಗ ಕೂಡ ಬರೀ ತೊಟ್ಟಿಲು ಕಿರುಗುಟ್ಟುತ್ತಿತ್ತು. ನೀನು ಹಬ್ಬಕ್ಕೆ ಬಂದರೆ ಅವಳು ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅವಳ ಮುಖ ನೋಡಲಾರದೆ ನೀನು ಮಾರನೆಯ ದಿನವೇ ಬಸ್ಸು ಹತ್ತುತ್ತಿದ್ದೆ. ಹೆತ್ತವಳನ್ನು ಹತ್ತು ಜನರೆದುರು ನಗೆಪಾಟಲು ಮಾಡಿದೆನಲ್ಲ ಎಂಬ ಕೊರಗು ನಿನಗೆ. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ನನಗೇನು ಕಣ್ಣಿಲ್ಲವೇ? ನಿಮ್ಮಿಬ್ಬರ ನಡುವೆ ಕೂತು ಅನ್ನ ಬಡಿಸಿದವಳು ನಾನು.

ದೀಪಿಕ ಒಂದು ಭಾನುವಾರ ನನ್ನನ್ನು ಶಿವಪುರಕ್ಕೆ ಕರೆದಳು. ಅಲ್ಲಿ ಸತ್ಯಾಗ್ರಹ ಸೌಧದ ಹತ್ತಿರ ಮರದ ನೆರಳಿನಲ್ಲಿ ‘ಮೆತ್ತಗೆ’ಯನ್ನು ಮೆಚ್ಚಿದವರು ಸೇರುತ್ತಾರಂತೆ. ನಾನು ದೊಡ್ಡ ಗುಂಪನ್ನು ನಿರೀಕ್ಷಿಸಿದ್ದೆ. ಇದ್ದದ್ದು ಒಂದು ಜಮಖಾನ ತುಂಬುವಷ್ಟು ಜನ. ನಡುವೆ ಪುಟ್ಟ ಸ್ಪೀಕರು, ಒಂದು ಪೊಟ್ಟಣ ಮದ್ದೂರು ವಡೆ. ಆದರೆ ಆ ಜಗಳವನ್ನು ನೀನು ಕೇಳಬೇಕಿತ್ತು! ಮಂಡ್ಯದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಜಯಪ್ರಕಾಶ್ ಎಂಬಾತನ ವಾದವೆಂದರೆ, ಹಾಡುಗಳನ್ನು ಜೋಡಿಸಿದ್ದೇ ತಪ್ಪು. ‘ಕೆಸರು’ ಮೊದಲು ಬಂದಿದ್ದರೆ ಆಲ್ಬಮ್ ಗೆಲ್ಲುತ್ತಿತ್ತು ಎಂದು. ಮಳವಳ್ಳಿಯ ನರ್ಸು ಅರುಂಧತಿ ಒಪ್ಪಲಿಲ್ಲ. ಅದು ಕೊನೆಯಲ್ಲೇ ಬರಬೇಕು, ಅಲ್ಲಿಯವರೆಗೆ ನಡೆದು ಬಂದವರಿಗೆ ಮಾತ್ರ ಅದು ಸಿಗಬೇಕು ಎಂದರು. ಡ್ರಮ್ಮನ್ನು ಕೋಲು ಬಿಟ್ಟು ಅಂಗೈಯಲ್ಲೇ ಬಾರಿಸಿದ್ದನ್ನು ಹೊಗಳಿದರು. ಎರಡನೇ ಹಾಡಿನಲ್ಲಿ ನಿನ್ನ ಗಿಟಾರು ದೂರದ ಗದ್ದೆಯ ಪಂಪ್‌ಸೆಟ್ಟಿನಂತೆ ಕೇಳಿಯೂ ಕೇಳದ ಹಾಗೆ ಬರುತ್ತದಲ್ಲ, ಅದಕ್ಕಾಗಿ ಹಾಡನ್ನು ಮತ್ತೆ ಮತ್ತೆ ಹಿಂದಕ್ಕೆ ಎಳೆದು ಕೇಳಿದರು.

ದಿನವಿಡೀ ಮಿಷನ್ನುಗಳ ನಡುವೆ ಕೂತು ಕಿವಿ ಗುಂಯ್ ಎನ್ನುವಾಗ ತಾನು ಕೇಳಬಲ್ಲ ರಾಕ್ ಇದೊಂದೇ ಎಂದಳು ದೀಪಿಕ. ಜಯಪ್ರಕಾಶ್ ಕಥೆ ಇನ್ನೂ ಚೆನ್ನಾಗಿದೆ. ಅವರು ಮೈಸೂರಿನಲ್ಲಿ ಕೂಗಿದವರ ಪೈಕಿಯಂತೆ. ಸಿಡಿಯನ್ನು ಅಲ್ಲೇ ಮುರಿದು ಎಸೆದಿದ್ದರಂತೆ. ಆಮೇಲೆ ಯಾವಾಗಲೋ ಕಿವಿಗೆ ತೊಂದರೆಯಾಗಿ, ಜೋರು ಸದ್ದು ಕೂಡದೆಂದು ಡಾಕ್ಟರು ಹೇಳಿದಾಗ, ತೂಬು ಹಾಡಿದ್ದರಲ್ಲಿ ಅವರಿಗೆ ಉಳಿದದ್ದು ಇದೊಂದೇ ಆಲ್ಬಮ್ಮು.

“ಕಿವಿ ಕೆಟ್ಮೇಲೆ ಕೇಳದ್ ಕಲ್ತೆ ಕಣಮ್ಮ,” ಎಂದರು.

‘ಕೆಸರು’ ಬಂದಾಗ ಜಗಳ ನಿಂತಿತು. ಮುಗಿದ ಮೇಲೆ ಜಯಪ್ರಕಾಶ್, “ಈಯಮ್ಮ ಯಾರು ಅಂತ ಎಲ್ಲೂ ಹಾಕಿಲ್ಲ. ಪಾಪ, ತೀರ್ಕಂಡಿರ್ಬೇಕು,” ಎಂದರು.

ನನಗೆ ತಡೆಯಲಾಗಲಿಲ್ಲ. “ಇಲ್ಲ. ಬೆಳಿಗ್ಗೆ ತಾನೇ ಉಪ್ಸಾರಿಗೆ ಉಪ್ಪು ಜಾಸ್ತಿ ಅಂತ ನನ್ ಜೊತೆ ಜಗಳ ಆಡಿದ್ರು,” ಎಂದುಬಿಟ್ಟೆ.

ಆಮೇಲೆ ಅಲ್ಲಿ ಏನಾಯಿತೆಂದು ನೀನೇ ಊಹಿಸಿಕೋ. ದೀಪಿಕ ನನ್ನ ಕೈ ಹಿಡಿದವಳು ಬಿಡಲೇ ಇಲ್ಲ.

ಮೊನ್ನೆ ಸ್ವಾತಂತ್ರ್ಯ ದಿನ ಶಾಲೆಯ ಧ್ವಜಾರೋಹಣ ಮುಗಿಸಿ ನಾನು ಮನೆಗೆ ಬರುವಷ್ಟರಲ್ಲಿ ದೀಪಿಕ, ಜಯಪ್ರಕಾಶ್, ಅರುಂಧತಿ ಮೂವರೂ ಬೈಕುಗಳಲ್ಲಿ ಬಂದಿದ್ದರು. ಅವ್ವನಿಗೆ ನನ್ನ ಸ್ನೇಹಿತರು ಬರುತ್ತಾರೆ ಎಂದಷ್ಟೇ ಹೇಳಿದ್ದೆ. ಹಸುವಿಗೆ ಹುಲ್ಲು ಹಾಕುತ್ತಿದ್ದವಳು ಕೈ ಒರೆಸಿಕೊಂಡು ಬಂದಳು. “ಅಮ್ಮಾ, ‘ಕೆಸರು’ ಹಾಡಿದ್ದು ನೀವೇ ಅಲ್ವಾ?” ಎಂದು ದೀಪಿಕ ಕೇಳಿದ್ದೇ ತಡ, ಅವ್ವನ ಮುಖ ಬಿಳುಚಿಕೊಂಡಿತು.

“ನಾನಲ್ಲ. ನನ್ಗೆ ಆಡಕ್ ಬರಕಿಲ್ಲ. ಓಗಿ ನೀವು,” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದು ಕೇಳಿತು. ಮಾಡಬಾರದ್ದನ್ನು ಮಾಡಿದೆನೇನೋ ಅನ್ನಿಸಿತು. ಅವರನ್ನು ಕಳಿಸಿಬಿಡೋಣ ಎಂದುಕೊಂಡೆ.

ಅರುಂಧತಿ ಮಾತ್ರ ಜಗಲಿಯ ಮೇಲೆ ಕೂತರು. ಮುಚ್ಚಿದ ಬಾಗಿಲಿಗೇ ಮಾತಾಡಿದರು. “ಅಮ್ಮಾ, ನಾನು ಹೆರಿಗೆ ವಾರ್ಡ್‌ನಲ್ಲಿ ಕೆಲ್ಸ ಮಾಡೋಳು. ಹೋದ್ವಾರ ಒಂದು ಹುಡ್ಗಿ ಬಂದಿದ್ಲು, ಚೊಚ್ಚಲು. ಹೆದರ್ಕೊಂಡು ನನ್ ಮಾತೂ ಕೇಳ್ತಿರ್ಲಿಲ್ಲ, ಡಾಕ್ಟರ್ ಮಾತೂ ಕೇಳ್ತಿರ್ಲಿಲ್ಲ. ನಿಮ್ಮ ಹಾಡು ಸಣ್ಣಕೆ ಹಾಕ್ದೆ. ಇದ್ಯಾರಕ್ಕಾ, ನಮ್ಮಜ್ಜಿ ತರ ಅವ್ರೆ ಅಂದ್ಲು. ನಿಮ್ಮ ದನಿ ಜೊತೆ ಉಸಿರು ಬಿಟ್ಕೊಂಡು, ಮಧ್ಯಾಹ್ನಕ್ಕೆ ಹೆರಿಗೆ ಆಯ್ತು.”

ನಾವು ಕಾದೆವು. ಆಮೇಲೆ ಬಾಗಿಲ ಸಂದಿಯಿಂದ ಅವ್ವನ ದನಿ.

“ತಾಯಿ ಮಗ ಇಬ್ರೂ ಚೆನ್ನಾಗವ್ರಾ?”

“ಚೆನ್ನಾಗವ್ರೆ ಕಣಮ್ಮ. ಹೆಣ್ಮಗು.”

ಚಿಲಕ ತೆಗೆದ ಸದ್ದಾಯಿತು.

ಅವ್ವ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಳು. “ಜನ ನಗಾಡುದ್ರಲ್ಲವ್ವ,” ಎಂದಳು. ಜಯಪ್ರಕಾಶ್ ಎದ್ದು ನಿಂತು, “ಮೈಸೂರಲ್ಲಿ ನಗಾಡಿ ಕೂಗ್ದೋರಲ್ಲಿ ನಾನೂ ಒಬ್ಬ. ತೆಪ್ಪಾಯ್ತು. ಈಗ ನಿಮ್ ಮುಂದೆ ನಿಂತಿವ್ನಿ, ಬೈಯ್ರಿ,” ಎಂದರು. ಅವ್ವ ಬೈಯಲಿಲ್ಲ. “ಕಾಪಿ ಕುಡೀತೀಯಾ?” ಎಂದು ಕೇಳಿದಳು.

ಅವ್ವ ನಿನ್ನ ಆಲ್ಬಮ್ಮನ್ನು ಪೂರ್ತಿ ಕೇಳಿದ್ದೇ ಇಲ್ಲವಂತೆ. ಟೀವಿಯಲ್ಲಿ ಬಂದ ಆ ತುಣುಕನ್ನಷ್ಟೇ ಕೇಳಿದ್ದು. ಜಗಲಿಯ ಮೇಲೆ ಸ್ಪೀಕರಿಟ್ಟು ಮೊದಲಿಂದ ಹಾಕಿದೆವು. ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ಕೇಳಿದಳು. ತನ್ನ ದನಿ ಬಂದಾಗ ಕಣ್ಣು ಮುಚ್ಚಿದಳು. ಎಲ್ಲ ಮುಗಿದ ಮೇಲೆ ಒಂದು ದೊಡ್ಡ ಉಸಿರು ಬಿಟ್ಟು, “ಇಷ್ಟೇಯಾ? ಇದ್ಕಾ ನಾನು ಇಷ್ಟ್ ವರ್ಸ ಅತ್ತಿದ್ದು? ನನ್ ಮಗ ಚೆನ್ನಾಗೇ ಮಾಡವ್ನೆ!” ಎಂದಳು. ಆಮೇಲೆ ನಗತೊಡಗಿದಳು ಅಣ್ಣಾ. ದೀಪಿಕಳ ಬೆನ್ನಿಗೆ ಗುದ್ದಿ ಗುದ್ದಿ ನಕ್ಕಳು. ಅವ್ವನಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ ಎಂಬುದನ್ನು ನಾನೇ ಮರೆತಿದ್ದೆ. ಅಷ್ಟು ದಿನವಾಗಿತ್ತು ಅವಳು ಬಾಯಿ ತುಂಬ ನಕ್ಕು.

ಅವರು ಹೊರಟ ಮೇಲೆ ಹೇಳಿದಳು, “ಈಗ ನಿನ್ ಅಣ್ಣಂಗೆ ಎಲ್ಲಾನೂ ಬರಿ. ಒಂದೂ ಬುಡ್ಬ್ಯಾಡ.” ಅದಕ್ಕೇ ಬರೆದಿದ್ದೇನೆ. ಬರೆದು ಮುಗಿಸುವ ಹೊತ್ತಿಗೆ ನನ್ನ ಹೆಗಲಿನಿಂದ ಹುಲ್ಲಿನ ಹೊರೆ ಇಳಿಸಿದ ಹಾಗಿದೆ.

ನಿನ್ನನ್ನು ಮತ್ತೆ ಬ್ಯಾಂಡಿಗೆ ಸೇರು ಎನ್ನುವುದಿಲ್ಲ. ಶಶಿಧರನನ್ನು ಕ್ಷಮಿಸು ಎನ್ನುವುದೂ ಇಲ್ಲ. ನಿನ್ನ ಆಲ್ಬಮ್ಮು ಸತ್ತಿಲ್ಲ, ನಮ್ಮ ಬಸ್ಸಿನಲ್ಲಿ ಓಡಾಡಿಕೊಂಡಿದೆ ಎಂದು ನಿನಗೆ ಗೊತ್ತಾದರೆ ಸಾಕು. ನಮ್ಮ ಮನೆಯಲ್ಲಿ ಯಾರೂ ಯಾರ ಬಾಳನ್ನೂ ಕೆಡಿಸಿಲ್ಲ. ಊರಿಗೆ ಬಾ, ತಲೆ ಎತ್ತಿಕೊಂಡು ಬಾ. ಬಂದರೆ ಈ ಸಲ ಅವ್ವ ಅಡುಗೆಮನೆಯಲ್ಲಿ ಕೂರುವುದಿಲ್ಲ.

ನಿನ್ನನ್ನು ಕೆನಡಾದಿಂದ ಕರೆಸಿಕೊಳ್ಳುತ್ತೇನೆಂದು ದೀಪಿಕಳಿಗೆ ಮಾತು ಕೊಟ್ಟಿರುವ
ನಿನ್ನ ತಂಗಿ,
ವನಜಾ

ತಾ.ಕ.: ಕವರು ಅಂಟಿಸುವಾಗ ಅವ್ವ ತಡೆದಳು. ಇನ್ನೊಂದು ಮಾತು ಬರೆಯಬೇಕಂತೆ. ನೀನು ಅವಳ ದನಿ ಹಿಡಿದ ದಿನ ಗದ್ದೆಯ ಯಜಮಾನ ಅಲ್ಲೇ ಕೊಡೆ ಹಿಡಿದು ನಿಂತಿದ್ದನಂತೆ. ಅದಕ್ಕೇ ಒಂದು ನುಡಿಯನ್ನು ನುಂಗಿಕೊಂಡಳಂತೆ. “ಬದಿನ್ ಮ್ಯಾಲೆ ಕೊಡೆ ಇಡ್ಕಂಡ್ ನಿಂತೋನ್ಗೆ ಬಗ್ಗಿ ನಾಟಿ ಆಕೋರು ಉಗಿಯೋ ನುಡಿ ಅದು. ಅವನೆದ್ರಿಗೆ ಎಂಗ್ ಆಡ್ಲಿ? ಆಗ ಎದ್ರಿಕೆ ಇತ್ತು. ಈಗ ಯಾರ್ದೇನು! ದನಿ ಇಡಿಯೋ ಮಿಷನ್ ತಕ್ಕಂಡ್ ಬರಕ್ಕೇಳು ನಿನ್ ಅಣ್ಣಂಗೆ.” ಇಷ್ಟು ಹೇಳಿ ಆ ನುಡಿಯನ್ನು ಹಾಡಿಯೇಬಿಟ್ಟಳು. ಇಷ್ಟು ವರ್ಷ ಅವಳ ಜೊತೆಗಿದ್ದೂ ನಾನು ಅದನ್ನು ಕೇಳಿರಲಿಲ್ಲ. ಬರೆದುಕೊಳ್ಳಲಾ ಎಂದರೆ ಬೇಡ ಅಂದಳು, ಅವನೇ ಬಂದು ಕೇಳಲಿ.