ಗಂಟಲು ಬೆಳಗಿದ ಅಕ್ಕನಿಗೆ

ಹದಿಮೂರನೆಯ ತಿಂಗಳು, ನಲವತ್ತನೆಯ ದಿನ, ಇಸವಿ ಎರಡು ಸಾವಿರದ ನಾನೂರ ಹನ್ನೊಂದು
ಒಂಟಿಗೂಡು, ಕೋಲಾರ

ಹೆಸರು ತಿಳಿಯದ ಅಕ್ಕ,

ತಾರೀಖು ನೋಡಿ ಗಾಬರಿಯಾಗಬೇಡಿ. ವರ್ಷಕ್ಕೊಂದು ತಿಂಗಳು, ತಿಂಗಳಿಗೆ ಹತ್ತು ದಿನ ಹೆಚ್ಚಿಗೆ ಸೇರಿಸಿಕೊಂಡಿದ್ದೇವೆ, ಬೇರೆ ಕೆಲಸವೇನೂ ಇರಲಿಲ್ಲ ನೋಡಿ. ನನ್ನ ಕನ್ನಡ ಪೆಟ್ಟಿಗೆಯಿಂದ ತೆಗೆದ ಹಳೆಯ ಸೀರೆಯಂತೆ ಮಡಿಕೆಬಿದ್ದು ಕಂಡರೆ ಕ್ಷಮಿಸಿ, ಬಳಕೆ ಕಡಿಮೆ. ನನ್ನ ಹೆಸರು ಚಿಗರಿ. ನಿಮ್ಮ ಕಾಲದ ಸ್ಕ್ಯಾನ್ ಚಿತ್ರಗಳನ್ನು ವಿಂಗಡಿಸುವುದು ನನ್ನ ಕೆಲಸ. ನಿಮ್ಮ ಚಿತ್ರ ಹಾಗೆ ಸಿಕ್ಕಿತು. ಇವತ್ತು ನನ್ನದೇ ಸ್ಕ್ಯಾನ್ ಆಗಿದೆ, ಫಲಿತಾಂಶಕ್ಕೆ ಕಾಯುತ್ತಾ ಬರೆಯುತ್ತಿದ್ದೇನೆ.

ಒಂಟಿಗೂಡು ಎಂದರೆ ಒಬ್ಬರಿಗೊಂದೇ ಕೋಣೆಯ ಮನೆ. ಸೋಂಕಿನ ಭಯಕ್ಕೆ ನನ್ನ ಮುತ್ತಜ್ಜಿಯ ಕಾಲದಲ್ಲಿ ಕಟ್ಟಿದರು. ಸೋಂಕು ಹೋಯಿತು, ಗೋಡೆ ಉಳಿಯಿತು. ಕಿಂಡಿಯಿಂದ ಮುದ್ದೆ ಬರುತ್ತದೆ, ಸಾರು ಬರುತ್ತದೆ, ಔಷಧಿ ಬರುತ್ತದೆ. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಗೊಣಗೋಣವೆಂದರೆ ಎದುರಿಗೆ ಯಾರೂ ಇರುವುದಿಲ್ಲ.

ಹೋದ ವರ್ಷ ನನ್ನ ಕುತ್ತಿಗೆಯ ರಕ್ತನಾಳದಲ್ಲಿ ಕೆಂಡ ಸಿಕ್ಕಿತು. ನೀವು ಉರಿಯೂತ ಎನ್ನುತ್ತಿದ್ದಿರಿ. ನಾಳದಲ್ಲಿ ಕಟ್ಟಿದ ಕೊಬ್ಬು ಮೇಲೆ ತಣ್ಣಗಿದ್ದು ಒಳಗೇ ಉರಿಯುತ್ತಿರುತ್ತದೆ, ಬೂದಿ ಮುಚ್ಚಿದ ಕೆಂಡ. ಒಡೆದರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೊಡೆಯುತ್ತದೆ. ಪತ್ತೆ ಮಾಡುವ ಬಗೆ ಇಂದಿಗೂ ನಿಮ್ಮದೇ. ಹಿಂದಿನ ದಿನ ಮುದ್ದೆ, ಅನ್ನ, ಸಿಹಿ ಬಂದ್. ಆಮೇಲೆ ವಿಕಿರಣ ಬೆರೆಸಿದ ಸಕ್ಕರೆಯನ್ನು ಯಂತ್ರ ನರಕ್ಕೆ ಚುಚ್ಚುತ್ತದೆ. ಉರಿಯುವ ಜಾಗ ಅದನ್ನು ಗಬಗಬನೆ ತಿಂದು ಚಿತ್ರದಲ್ಲಿ ಹೊಳೆಯುತ್ತದೆ. ಸಕ್ಕರೆ ಹರಡುವವರೆಗೆ ತುಟಿ ಬಿಚ್ಚುವಂತಿಲ್ಲ. ಮಾತಾಡಿದರೆ ಗಂಟಲೂ ಸಕ್ಕರೆ ತಿಂದು ಹೊಳೆದು, ಪಕ್ಕದ ನಾಳವನ್ನು ಮರೆಮಾಡುತ್ತದೆ. ಒಂದು ವರ್ಷ ಔಷಧಿ ತಿಂದಿದ್ದೇನೆ. ಕೆಂಡ ಆರಿರದಿದ್ದರೆ ಇನ್ನು ಕೊಡಲು ಬೇರೆ ಔಷಧಿಯಿಲ್ಲ ಎಂದು ಕಿಂಡಿಯಲ್ಲಿ ಚೀಟಿ ಕಳಿಸಿದ್ದಾರೆ ವೈದ್ಯರು.

ನಿಮ್ಮ ಗಂಟಲು ದೀಪಾವಳಿಯಾಗಿದೆ ಅಕ್ಕ! ಸ್ಕ್ಯಾನ್ ಮಾಡುವ ಹುಡುಗಿ ವೈದ್ಯರಿಗೆ ಹೇಳಿದ ದೂರೂ ಚಿತ್ರದ ಜೊತೆಗೇ ಉಳಿದಿದೆ. ಈ ಅಮ್ಮ ಸುಮ್ನೆ ಕೂರಲ್ಲ ಸಾರ್, ಮಾತು ನಿಲ್ಸಿ ಅಂದ್ರೆ ಪಕ್ಕದ ಕುರ್ಚಿಯವ್ರಿಗೆ ಮೊಮ್ಮಗಳ ನಿಶ್ಚಿತಾರ್ಥದ ಕಥೆ ಹೇಳ್ತಾವ್ರೆ, ಅಂತ. ನಮ್ಮಲ್ಲಿ ನಿಮ್ಮದು ಕೆಟ್ಟ ಚಿತ್ರಕ್ಕೆ ಮಾದರಿ. ನನ್ನದು ಒಳ್ಳೆಯದಕ್ಕೆ. ಗಂಟಲು ಪೂರ್ತಿ ಕಪ್ಪಗಿದೆ ಎಂದು ಯಂತ್ರ ಪ್ರತಿ ಸಲ ಹೊಗಳುತ್ತದೆ. ಕೇಳಿದಾಗಲೆಲ್ಲ ನನಗೆ ಅಳು ಬರುತ್ತದೆ. ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ.

ಕಿಂಡಿ ತೆರೆಯಿತು, ನೋಡಿ ಬಂದೆ. ಕೆಂಡ ಆರಿದೆ ಅಕ್ಕ. ಪೂರ್ತಿ ಆರಿದೆ. ಯಾರಿಗಾದರೂ ಹೇಳಬೇಕೆಂದು ಎದ್ದು ನಿಂತೆ. ಗೋಡೆಗೆ ಹೇಳಿದೆ. ಅದು ಪಾಪ, ಏನನ್ನುತ್ತದೆ.

ನಮ್ಮ ಮಾತಿನಿಂದ 'ಅಂತೆ' ಎಂಬುದು ಬಿದ್ದುಹೋಗಿದೆ. ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ಮುಟ್ಟಿಸುವವರೇ ಇಲ್ಲವಲ್ಲ. ಅದಕ್ಕೇ ಒಂದು ಕೋರಿಕೆ. ಹೇಗೂ ಸುಮ್ಮನೆ ಕೂರುವವರಲ್ಲ ನೀವು. ನಿಶ್ಚಿತಾರ್ಥದ ಕಥೆ ಮುಗಿದ ಮೇಲೆ ಪಕ್ಕದವರ ಕಡೆ ಬಗ್ಗಿ ಇದೊಂದು ಮಾತು ಹೇಳಿಬಿಡಿ: ಚಿಗರಿಗೆ ವಾಸಿಯಾಯ್ತಂತೆ.