ಒಲೆ ಕಟ್ಟಿದ್ದು

ಮಾರ್ಚ್ ೧೨, ಗುರುವಾರ

ಆ ಮಾತು ಎಷ್ಟು ದಿನದಿಂದ ತಲೆ ತಿನ್ನುತ್ತಿತ್ತು! “ಸಿಸ್ಟಮ್ ಜೊತೆಗೇ ಗಣಿತದ ಲೈಬ್ರರಿ ಬಂದಿದೆಯಲ್ಲಮ್ಮಾ. ಅನ್ನ ಬೇಯಿಸೋಕೆ ಯಾರಾದ್ರೂ ಹೊಸ ಒಲೆ ಕಟ್ತಾರಾ?” ಆಫೀಸಿನ ಸರ್ವರ್ ನೋಡಿಕೊಳ್ಳುವ ಹಿರಿಯರು ಎಲ್ಲರೆದುರಿಗೇ ನಗಾಡಿದ್ದರು. ಲೈಬ್ರರಿ ಎಂದರೆ ಲೆಕ್ಕ ಮಾಡಿಕೊಡುವ ಸಿದ್ಧ ತಂತ್ರಾಂಶ; ಎಲ್ಲ ಕಂಪ್ಯೂಟರಿಗೂ ಸಲ್ಲಲೆಂದು ಮಾಡಿದ ಅದು ನಮ್ಮ ಯಂತ್ರದ ಅರ್ಧ ಶಕ್ತಿಯನ್ನೂ ಬಳಸುತ್ತಿರಲಿಲ್ಲ. ನಾವು ವಿನ್ಯಾಸ ಮಾಡುತ್ತಿರುವ ಸೇತುವೆ ಗಾಳಿಗೆ ಎಷ್ಟು ತೂಗಾಡೀತು ಎಂಬ ಲೆಕ್ಕ ರಾತ್ರಿಯಿಡೀ ತೆವಳುತ್ತಿತ್ತು. ನಾನು ಹಟ ಹಿಡಿದು, ನಮ್ಮ ಪ್ರೊಸೆಸರ್‌ಗೆ ಹೊಂದುವಂತೆ ಬೇರೆಯದೇ ಲೈಬ್ರರಿ ಕಟ್ಟಿದೆ. ಎರಡು ಸಲ ಕೆಟ್ಟಿತು, ಬೈಸಿಕೊಂಡೆ.

ಇವತ್ತು ಲೆಕ್ಕ ಓಡಿಸಿ ಕಾಫಿ ತರಲು ಹೋದೆ. ಬಂದರೆ ಅವರು ಪರದೆಯ ಮುಂದೆ ಮೀಸೆಯಡಿ ನಗುತ್ತಿದ್ದರು.

“ನೋಡಮ್ಮಾ, ಇಷ್ಟು ಬೇಗ ನಿಂತೇಹೋಯ್ತು.”

“ನಿಂತಿಲ್ಲ ಸರ್, ಮುಗಿದಿದೆ.”

ನಂಬಲಿಲ್ಲ. ಹಳೆಯ ಉತ್ತರದ ಪಕ್ಕದಲ್ಲಿಟ್ಟು ತಾವೇ ತಾಳೆ ನೋಡಿದರು. ಕೊನೆಯ ಅಂಕಿಯಲ್ಲಿ ಮಾತ್ರ ಕೂದಲೆಳೆಯ ವ್ಯತ್ಯಾಸ, ಅದು ಇರುವುದೇ. ನನ್ನ ಕಾಫಿ ಆರಿಹೋಯಿತು. ಅಷ್ಟು ರುಚಿಯಾದ ಕಾಫಿ ಈಚೆಗೆ ಕುಡಿದಿಲ್ಲ. ಆಮೇಲೆ ಅವರು ದನಿ ತಗ್ಗಿಸಿ, “ಉಳಿದ ಯಂತ್ರಗಳಿಗೂ ಇಂಥದೊಂದು ಒಲೆ ಕಟ್ಟಿಕೊಡ್ತೀರಾ?” ಎಂದರು.

ಕಟ್ಟಿಕೊಡ್ತೀರಾ! ಬಹುವಚನ!

ಮನೆಯಲ್ಲಿ ಇವರಿಗೆ ಹೇಳಿದೆ. “ಸದ್ಯ, ಇನ್ಮೇಲೆ ರಾತ್ರಿ ಎದ್ದೆದ್ದು ಲೆಕ್ಕ ನೋಡೋ ಕಾಟ ತಪ್ತು” ಎಂದು ಮಗ್ಗುಲು ಬದಲಿಸಿ ಮಲಗಿದರು. ನಿಜ, ಇವತ್ತು ಓಡುತ್ತಿರುವ ಲೆಕ್ಕವೇ ಇಲ್ಲ. ನನಗೆ ಮಾತ್ರ ಖುಷಿಗೆ ನಿದ್ದೆ ಹತ್ತುತ್ತಿಲ್ಲ. ನಾಳೆ ಮೊದಲು ಆ ಹಿರಿಯರ ಯಂತ್ರದಲ್ಲೇ ಒಲೆ ಕಟ್ಟಬೇಕು…