ಎರಡನೇ ಗೇಟಿನಲ್ಲಿ ಬಿಟ್ಟುಬಂದ ರೊಟ್ಟಿಗಂಟು

ಮೈದಾನಗಳಿಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಸಹಿ ಬಿದ್ದ ಮೇಲೆ ನಡೆದ ಖಾದ್ಯ ಮಹೋತ್ಸವದ ಎರಡನೇ ಗೇಟಿನಲ್ಲಿ, ಕಳೆದ ಫೆಬ್ರುವರಿಯ ಒಂದು ಭಾನುವಾರ ಮಧ್ಯಾಹ್ನ, ನನ್ನ ಅಕ್ಕ ಮಾಡಿ ತಂದಿದ್ದ ನೂರೈವತ್ತು ಜೋಳದ ರೊಟ್ಟಿ ಕಸದ ಡಬ್ಬಿ ಸೇರಿದವು. ಅವನ್ನು ಕಟ್ಟಿದ್ದ ಬಿಳಿ ಧೋತರವೂ ಜೊತೆಗೇ ಹೋಯಿತು. ರೊಟ್ಟಿಯನ್ನು ವಾಪಸ್ ಕೇಳುವಷ್ಟು ದಡ್ಡ ನಾನಲ್ಲ. ಧೋತರ ಬೇಕು. ಅದು ಅಕ್ಕನ ಗಂಡನದು, ಅವರು ತೀರಿಕೊಂಡು ಆರು ವರ್ಷವಾಯಿತು. ಈ ವಿಷಯವಾಗಿ ಮರಾಠಿಯಲ್ಲಿ ಮೂರು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ ನಿಮ್ಮ ಕಚೇರಿಯ ದುಂಡು ಮುದ್ರೆ ಚೆನ್ನಾಗಿ ಬಿದ್ದಿದೆ, ಉತ್ತರ ಮಾತ್ರ ಬಂದಿಲ್ಲ. ಈಗ ಕನ್ನಡದಲ್ಲಿ, ನಮ್ಮ ಕನ್ನಡಿಗರ ಮಾಸಿಕದಲ್ಲಿ, ಬಹಿರಂಗವಾಗಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬರುವುದಿಲ್ಲ ಎಂದು ಗೊತ್ತಿದೆ. ಗೊತ್ತಿದ್ದೂ ಏಕೆ ಬರೆಯುತ್ತಿದ್ದೇನೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾನು ಶಿವಪ್ಪ. ಪುಣೆಯ ಶಿವಾಜಿನಗರದ ಕೋರ್ಟಿನ ಹೊರಗೆ ಇಪ್ಪತ್ತೇಳು ವರ್ಷದಿಂದ ಬೇರೆಯವರ ಅರ್ಜಿ ಟೈಪ್ ಮಾಡಿ ಹೊಟ್ಟೆ ಹೊರೆಯುವವನು. ಈ ಧೋತರದ ಪ್ರಕರಣಕ್ಕೆ ಮೊದಲು ಸ್ವಂತ ಹೆಸರಿನಲ್ಲಿ ದೂರು ಬರೆದವನಲ್ಲ. ಬೇರೆಯವರ ಅರ್ಜಿ ಬರೆಯುವುದು ಸುಲಭ, ಅದರಲ್ಲಿ ತಪ್ಪೆಲ್ಲ ಎದುರು ಪಕ್ಷದ್ದೇ ಇರುತ್ತದೆ. ಈ ಅರ್ಜಿಯನ್ನೂ ಹಾಗೆಯೇ ಬರೆಯಲು ಮೂರು ಸಲ ನೋಡಿದೆ, ಆಗಲಿಲ್ಲ.

ನಿಮ್ಮ ಮಹೋತ್ಸವದ ಜಾಹೀರಾತು ನಮ್ಮ ನಿಗಡಿಯ ಬಸ್‌ಸ್ಟಾಪಿನವರೆಗೂ ಬಂದಿತ್ತು. ‘ಪರವೂರಿನ ಅತಿಥಿಗಳಿಗೆ ಪುಣೆಯ ಅಕ್ಕರೆಯ ಆಹ್ವಾನ’ ಎಂದು ಅದರಲ್ಲಿತ್ತು. ಅದನ್ನು ಓದಿ ಚಡಚಣದಲ್ಲಿರುವ ನನ್ನ ಅಕ್ಕ ಶಿವಬಸವ್ವನಿಗೆ ಫೋನು ಮಾಡಿದೆ. ನಾನು ಈ ಊರಿಗೆ ಬಂದ ಮೊದಲ ನಾಲ್ಕು ವರ್ಷ ವಾರಕ್ಕೊಮ್ಮೆ ಅವಳ ರೊಟ್ಟಿಗಂಟು ಬಸ್ಸಿನ ಕಂಡಕ್ಟರನ ಕೈಯಲ್ಲಿ ಬರುತ್ತಿತ್ತು. ಅದರ ಮೇಲೆಯೇ ಬದುಕಿದೆ. ಅಂಥವಳಿಗೆ ನಾನು ಪುಣೆಯಲ್ಲಿ ಒಂದು ದಿನವೂ ಏನನ್ನೂ ತೋರಿಸಿರಲಿಲ್ಲ. ‘ಬಾರವಾ, ಇಲ್ಲಿ ಸಾವಿರಾರು ಮಂದಿ ಉಣ್ಣು ದೊಡ್ಡ ಕಾರ್ಯಕ್ರಮ ಅದ’ ಎಂದೆ. ಟಿಕೆಟ್ಟಿನ ಸುದ್ದಿ ಎತ್ತಲಿಲ್ಲ. ಅಕ್ಕನ ಮುಂದೆ ದೊಡ್ಡಸ್ತಿಕೆ ತೋರಿಸುವ ಆಸೆ ನನಗಿತ್ತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ನಿಮಗೆ ತಿಳಿಸಬೇಕು. ನಮ್ಮಲ್ಲಿ ಮಠದ ದಾಸೋಹವಿದ್ದರೆ, ಅಂದರೆ ಬಂದವರಿಗೆಲ್ಲ ಊಟವಿದ್ದರೆ, ಮನೆಮನೆಯಿಂದ ರೊಟ್ಟಿ ಹೋಗುತ್ತದೆ. ಯಾರೂ ಕೇಳುವುದಿಲ್ಲ, ಯಾರೂ ಎಣಿಸುವುದಿಲ್ಲ. ನಾಲ್ಕು ದಿನ ಮೊದಲೇ ಹೆಂಗಸರು ಕೂತು ಬಡಿದು, ಬೇಯಿಸಿ, ಒಣಗಿಸಿ, ಗಂಟು ಕಟ್ಟಿ ಕಳಿಸುತ್ತಾರೆ. ಉಣ್ಣುವವರು ಬಹಳ ಮಂದಿ ಎಂದು ನಾನು ಹೇಳಿದ್ದೇ ತಡ, ಅಕ್ಕ ಹಿಟ್ಟು ಬೀಸಿಸಿ ರೊಟ್ಟಿ ಬಡಿಯಲು ಕೂತಿದ್ದಾಳೆ. ಶನಿವಾರ ಸಂಜೆ ಬಸ್ಸಿನಿಂದ ಇಳಿದಾಗ ಅವಳ ಬಟ್ಟೆಬರೆ ಒಂದು ಸಣ್ಣ ಚೀಲದಲ್ಲಿತ್ತು, ತಲೆಯ ಮೇಲೆ ಮಾತ್ರ ಬಂಡಿಗಾಲಿಯಷ್ಟು ಗಂಟು.

‘ಇದ್ಯಾಕವಾ?’ ಎಂದೆ.

‘ಅಷ್ಟ್ ಮಂದಿ ಉಣ್ಣು ಕಡೆ ಬರಿಗೈಲೆ ಹ್ಯಾಂಗ ಹೋಗೂದೋ ತಮ್ಮಾ. ಕೊಟ್ಟ ಬರೂಣು, ಯಾರರ ಉಣ್ತಾರ’ ಎಂದಳು.

ಆಗಲೇ ನಾನು ಬಿಡಿಸಿ ಹೇಳಬೇಕಿತ್ತು. ಇದು ದಾಸೋಹವಲ್ಲ, ಇಲ್ಲಿ ತಿನ್ನುವ ಮೊದಲೇ ದುಡ್ಡು ಕೊಡಬೇಕು, ತಂದದ್ದನ್ನು ಯಾರೂ ತೆಗೆದುಕೊಳ್ಳುವುದಿಲ್ಲ ಎಂದು ಹೇಳಬೇಕಿತ್ತು. ಅವಳ ಮುಖ ನೋಡಿ ಸುಮ್ಮನಾದೆ. ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡೆ, ಬೆಳಿಗ್ಗೆಯೂ ಹೇಳಲಿಲ್ಲ.

ಭಾನುವಾರ ನಮ್ಮ ಮೇಲಿನ ಮನೆಯ ಶಾಲಿನಿ ತನ್ನ ಕಾರಿನಲ್ಲಿ ಕರೆದುಕೊಂಡು ಹೋದಳು. ಮಂಡ್ಯದ ಹುಡುಗಿ, ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಎರಡನೇ ಗೇಟಿನಲ್ಲಿ ಮುಕ್ಕಾಲು ಗಂಟೆ ಸರದಿ. ನಮ್ಮ ಪಾಳಿ ಬಂದಾಗ ಕಾವಲಿನ ಹೆಣ್ಣುಮಗಳು ಗಂಟನ್ನು ಮುಟ್ಟಿ ನೋಡಿ, ಟಿಕೆಟ್ಟಿನ ಹಿಂಭಾಗದ ಸಣ್ಣ ಅಕ್ಷರ ತೋರಿಸಿದಳು. ಹೊರಗಿನ ತಿನಿಸು ನಿಷಿದ್ಧ. ಅವಳನ್ನು ನಾನು ದೂರುವುದಿಲ್ಲ, ಅವಳಿಗೆ ಕೊಟ್ಟ ಕೆಲಸ ಅದು. ನನ್ನತ್ತ ತಿರುಗಿ ಮರಾಠಿಯಲ್ಲಿ ಕೇಳಿದಳು: ‘ಹೀ ಬಾಈ ತುಮಚ್ಯಾಬರೋಬರ ಆಹೇ ಕಾ?’ ಈ ಹೆಣ್ಣುಮಗಳು ನಿಮ್ಮ ಜೊತೆಯವರಾ ಎಂದು.

ಮಾನ್ಯರೇ, ಹೌದು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಹಿಂದೆ ಸರದಿಯಲ್ಲಿ ತಂಪುಕನ್ನಡಕದವರು ಗೊಣಗುತ್ತಿದ್ದರು. ಅವರಲ್ಲಿ ನಮ್ಮ ಓಣಿಯ ಇಬ್ಬರೂ ಇದ್ದರು. ಅಕ್ಕ ಇಳಕಲ್ ಸೀರೆಯ ಸೆರಗು ಹೊದ್ದು, ತಲೆಯ ಮೇಲೆ ಗಂಟು ಹೊತ್ತು ನಿಂತಿದ್ದಳು. ನಾನು ನಕ್ಕೆ. ನಕ್ಕು ಮರಾಠಿಯಲ್ಲಿಯೇ ಹೇಳಿದೆ: ‘ಗಾವಾಕಡಚೀ ಆಹೇ, ತಿಲಾ ಕಾಹೀ ಕಳತ ನಾಹೀ.’ ಹಳ್ಳಿಯವಳು, ಅವಳಿಗೇನೂ ತಿಳಿಯುವುದಿಲ್ಲ. ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

‘ಅಂಕಲ್, ಅಮ್ಮ ಪಾಪ ಅಷ್ಟು ದೂರದಿಂದ ತಂದಿದ್ದಾರೆ. ನಾನು ಕಾರಲ್ಲಿ ಇಟ್ಟು ಬರ್ತೀನಿ, ಹತ್ತು ನಿಮಿಷ’ ಎಂದಳು ಶಾಲಿನಿ. ಮತ್ತೆ ಸರದಿ ಹಿಡಿಯಬೇಕಾಗುತ್ತದೆ, ಬೇಡ ಎಂದವನು ನಾನು. ಅಕ್ಕನಿಗೆ, ‘ಇಲ್ಲೇ ಕೊಡವಾ, ಇವರು ಒಳಗ ಒಯ್ದು ಬಡಸ್ತಾರ’ ಎಂದೆ. ಅವಳು ನನ್ನನ್ನೊಮ್ಮೆ ನೋಡಿ, ಗಂಟು ಇಳಿಸಿ, ಕಾವಲಿನವಳ ಕೈಗೆ ಕೊಟ್ಟು, ‘ಸಾವಕಾಶ ಇಡ್ರೆವಾ, ಮುರೀತಾವ’ ಎಂದಳು.

ಇನ್ನು ಒಳಗಿನ ವೈಭವ. ದೂರದಿಂದ ಬರುವವರಿಗೆ ಈ ಮಹೋತ್ಸವ ಕೊಟ್ಟ ಹಣಕ್ಕೆ ತಕ್ಕುದೇ ಎಂದು ಯಾರಾದರೂ ನಿಮ್ಮನ್ನು ಕೇಳಿರುವರೋ ಇಲ್ಲವೋ ತಿಳಿಯದು, ನನ್ನ ಲೆಕ್ಕ ಹೇಳುತ್ತೇನೆ. ತಲೆಗೆ ಇನ್ನೂರೈವತ್ತು ಪ್ರವೇಶಕ್ಕೆ. ಇದು ಊಟಕ್ಕಲ್ಲ, ಊಟದ ವಾಸನೆಗೆ. ಒಳಗೆ ಹೋದ ಮೇಲೆ ಕಡಿಮೆಯೆಂದರೆ ಐನೂರು ತುಂಬಿಸಿ ಒಂದು ಕಾರ್ಡು ಮಾಡಿಸಬೇಕು. ಅದರಲ್ಲಿ ಉಳಿದ ಹಣ ಸಂಜೆಗೆ ಸಂಘಟಕರ ಪಾಲು. ಕಿರಾಣಿ ಅಂಗಡಿಯವನು ಹೊಸ್ತಿಲು ದಾಟುವುದಕ್ಕೆ ದುಡ್ಡು ಕೇಳಿ, ಸಾಮಾನಿಗೆ ಬೇರೆ ದುಡ್ಡು ಕೇಳಿ, ಚಿಲ್ಲರೆ ವಾಪಸ್ ಕೊಡದಿದ್ದರೆ ನೀವು ಅವನಿಗೆ ಪರವಾನಗಿ ಕೊಡುತ್ತೀರಾ? ಅಲ್ಲಿದ್ದ ಮಿಸಳ್ ನಮ್ಮ ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಅರ್ಧ ಬೆಲೆಗೆ, ಅದೂ ಕೂತು ತಿನ್ನಲು ಸಿಗುತ್ತದೆ. ಇಲ್ಲಿ ಕುರ್ಚಿಗಳು ದೊಡ್ಡ ಟಿಕೆಟ್ಟಿನವರ ಆವರಣದೊಳಗಿದ್ದವು. ಪುಣೆಯ ರುಚಿ ತಿಳಿಯಲು ಬಂದ ಅತಿಥಿಗಳು ಕೈಯಲ್ಲಿ ತಟ್ಟೆ ಹಿಡಿದು, ಮೊಣಕೈಯಿಂದ ಒಬ್ಬರನ್ನೊಬ್ಬರು ತಳ್ಳುತ್ತ, ಜನರೇಟರಿನ ಹೊಗೆಯಲ್ಲಿ ನಿಂತು ಉಂಡರು. ಅವರು ಊರಿಗೆ ಹೋಗಿ ಪುಣೆಯದೆಂದು ಹೇಳುವ ರುಚಿ ಡೀಸೆಲ್ಲಿನದು.

ಒಂದು ಕಡೆ ‘ಅಪ್ಪಟ ಉತ್ತರ ಕರ್ನಾಟಕ’ ಎಂಬ ಬೋರ್ಡು ಕಂಡಿತು. ಎರಡು ರೊಟ್ಟಿ, ಒಂದು ಚಮಚ ಎಣ್ಣೆಗಾಯಿ, ಚಿಟಿಕೆ ಶೇಂಗಾ ಹಿಂಡಿ, ಇನ್ನೂರ ಎಂಬತ್ತು ರೂಪಾಯಿ. ಅಭಿಮಾನದಿಂದ ಕೊಂಡೆ. ಅಕ್ಕ ನೆಲದ ಮೇಲೆ ಕೂತು ಒಂದು ತುಣುಕು ಮುರಿದು, ಬೆರಳಲ್ಲಿ ತಿಕ್ಕಿ, ‘ಇದ್ರಾಗ ಗೋದಿಹಿಟ್ಟ ಕೂಡಸ್ಯಾರ’ ಎಂದಳು. ಆದರೂ ಒಂದು ಚೂರೂ ಬಿಡದೆ ಉಂಡಳು. ಅನ್ನ ಚೆಲ್ಲಬಾರದು ಎನ್ನುವ ಹಳೇ ಹೆಂಗಸು. ಅವಳು ಕೇಳದೇ ಇದ್ದ ಪ್ರಶ್ನೆಗೆ ನಾನೇ ಉತ್ತರ ಕೊಟ್ಟೆ: ‘ನಿನ್ನ ರೊಟ್ಟಿ ಆ ಕಡೆ ಬಡಸಾಕತ್ತಾರವಾ.’ ಅವಳು, ‘ಹೌದೇನು, ಛಲೋ ಆತು’ ಎಂದು ತಟ್ಟೆ ನೋಡುತ್ತ ಕೂತಳು.

ಎಲ್ಲವೂ ಕೆಟ್ಟದಾಗಿತ್ತು ಎಂದರೆ ನಾಲಿಗೆಗೆ ದ್ರೋಹವಾದೀತು. ಸಾಸವಡದಿಂದ ಬಂದ ಒಬ್ಬ ಹೆಣ್ಣುಮಗಳು ಮನೆಯ ತೋಟದ ಅಂಜೂರ ಹಾಕಿ ಬಾಸುಂದಿ ಮಾಡಿದ್ದಳು. ಅದರ ಮುಂದೆ ಮಾತಿಲ್ಲ. ಅಕ್ಕ ಎರಡು ಬಟ್ಟಲು ತಿಂದು ಅವಳೊಂದಿಗೆ ಹಾಲು ಕುದಿಸುವ ವಿಚಾರ ಮಾತಾಡಿದಳು. ಜಾಗದ ಬಾಡಿಗೆ ಕಟ್ಟಿದರೆ ತನ್ನ ಕೂಲಿಯೂ ಗಿಟ್ಟುವುದಿಲ್ಲ, ಮುಂದಿನ ವರ್ಷ ಬರುವುದಿಲ್ಲ ಎಂದು ಆಕೆ ಹೇಳಿದಳು. ಹಾಗಾದರೆ ಉಣ್ಣುವವರಿಗೂ ಗಿಟ್ಟಲಿಲ್ಲ, ಉಣಿಸುವವರಿಗೂ ಗಿಟ್ಟಲಿಲ್ಲ. ಗಿಟ್ಟಿದ್ದು ಯಾರಿಗೆ? ಇದು ನನ್ನ ಆರೋಪವಲ್ಲ, ಬರೀ ಕುತೂಹಲ.

ಹೊರಗೆ ಬರುವಾಗ ಅದೇ ಗೇಟು. ಪಕ್ಕದಲ್ಲಿ ದೊಡ್ಡ ಹಸಿರು ಡಬ್ಬಿ. ಅದರ ಬಾಯಿಂದ ಬಿಳಿ ಬಟ್ಟೆಯ ಒಂದು ತುದಿ ಜೋತು ಬಿದ್ದಿತ್ತು, ತುದಿಯಲ್ಲಿ ಕೆಂಪು ದಾರದ ಗುರುತು. ಅಗಸನ ಮನೆಯಲ್ಲಿ ಅದಲುಬದಲಾಗದಿರಲೆಂದು ಅಕ್ಕನೇ ಹಾಕಿದ ಹೊಲಿಗೆ. ಒಳಗೆ ರೊಟ್ಟಿ ಚೂರುಚೂರಾಗಿ, ಮೇಲೆ ಯಾರೋ ಚೆಲ್ಲಿದ ಐಸ್‌ಕ್ರೀಮು. ಬಟ್ಟೆ ಕೈಗೆ ಎಟಕುವಂತಿತ್ತು. ಎಳೆದರೆ ಬರುತ್ತಿತ್ತು.

‘ಅಂಕಲ್, ಅದು ಅಮ್ಮನ ಬಟ್ಟೆ ಅಲ್ವಾ?’ ಎಂದಳು ಶಾಲಿನಿ.

‘ಅಲ್ಲ’ ಎಂದೆ. ಅಷ್ಟು ಜನರೆದುರು ಕಸದ ಡಬ್ಬಿಗೆ ಕೈ ಹಾಕಲು ನನಗೆ ನಾಚಿಕೆಯಾಯಿತು. ಅಕ್ಕ ಹತ್ತು ಹೆಜ್ಜೆ ಹಿಂದೆ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ಅವಳು ನೋಡಲಿಲ್ಲ ಎಂದು ನನಗೆ ಸಮಾಧಾನವೇ ಆಯಿತು. ಈ ಸಾಲನ್ನು ಟೈಪ್ ಮಾಡುವಾಗ ನನ್ನ ಕಿವಿ ಬಿಸಿಯಾಗುತ್ತಿದೆ.

ಊರು ಮುಟ್ಟಿದ ಮೇಲೆ ಅಕ್ಕ ಫೋನು ಮಾಡಿ ಧೋತರದ ವಿಚಾರ ಕೇಳಿದಳು. ‘ಅವರು ಒಗದು ಕಳಸ್ತಾರ’ ಎಂದೆ. ಹದಿನೈದು ದಿನ ಬಿಟ್ಟು ಮತ್ತೆ ಕೇಳಿದಳು. ‘ಕಚೇರ್ಯಾಗ ಅದ, ಸಾಹೇಬ್ರು ರಜಾ ಮ್ಯಾಲ ಹೋಗ್ಯಾರ’ ಎಂದೆ. ಹೀಗೆ ನಿಮ್ಮನ್ನೂ ನನ್ನ ಸುಳ್ಳಿಗೆ ಎಳೆದು ತಂದಿದ್ದೇನೆ, ಕ್ಷಮಿಸಿ. ಮೂರನೇ ಸಲ ಕೇಳುವಷ್ಟರಲ್ಲಿ ಒಂದು ಹೊಸ ಧೋತರ ಕೊಂಡು, ಚಹಾದ ನೀರಲ್ಲಿ ಅದ್ದಿ ಹಳೆಯದು ಮಾಡಿ, ತುದಿಗೆ ಕೆಂಪು ದಾರ ಹೊಲಿಯಲು ಕೂತಿದ್ದೆ. ಐವತ್ನಾಲ್ಕು ವರ್ಷದ ಗಂಡಸು, ಸೂಜಿ ಹಿಡಿದು ಖೊಟ್ಟಿ ಸಾಕ್ಷಿ ತಯಾರಿಸುತ್ತಿದ್ದೆ. ಹೆಂಡತಿ ನೋಡಿದಳು, ದೀಪ ಆರಿಸಿ ಹೋದಳು.

ಹೋದ ವಾರ ಅಕ್ಕನದೇ ಫೋನು ಬಂತು.

‘ಶಿವಪ್ಪಾ, ಧೋತರದ ಸಂಬಂಧ ಇನ್ನ ಯಾರಿಗೂ ಕೇಳಬ್ಯಾಡ. ಡಬ್ಬ್ಯಾಗಿಂದು ನಾನೂ ನೋಡೀನಿ. ನಿನಗ ಕೆಟ್ಟ ಅನಸ್ತದಂತ ಚಪ್ಪಲಿ ಕಡೆ ಬಗ್ಗಿದ್ನಿ.’

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

‘ಗೇಟಿನ್ಯಾಗ ನೀ ಅಂದದ್ದೂ ತಿಳದಿತ್ತು. ಮೂವತ್ತ ವರ್ಷ ಸಂತ್ಯಾಗ ಮರಾಠಿ ಮಂದಿಗೆ ಜ್ವಾಳ ಮಾರೀನಿ, ಅಷ್ಟು ತಿಳೀದೇನು? ಮೂರ ಸರತಿ ಕೇಳಿದ್ದು ಧೋತರಕ್ಕಲ್ಲೋ. ಖರೆ ಹೇಳ್ತಿಯೇನೋ ಅಂತ ಕೇಳಿದ್ನಿ.’ ಆಮೇಲೆ, ‘ಇರಲಿ ಬಿಡು. ಮೊಣಕಾಲ ನೋವು ಹ್ಯಾಂಗದ ನಿನಗ?’ ಎಂದಳು.

ನಾನು ಹ್ಞೂಂ ಎಂದೆ.

ಮಾನ್ಯರೇ, ಕೋರ್ಟಿನಲ್ಲಿ ಫಿರ್ಯಾದಿಯೇ ದಾವೆ ಹಿಂದೆ ತೆಗೆದುಕೊಂಡರೆ ಕಾಗದ ಅಲ್ಲಿಗೆ ಮುಚ್ಚುತ್ತದೆ. ಇಲ್ಲಿ ಅಕ್ಕ ಹಿಂದೆ ತೆಗೆದುಕೊಂಡಿದ್ದಾಳೆ, ಆರೋಪಿ ತಾನಾಗಿ ಬಂದು ನಿಂತಿದ್ದಾನೆ. ನನ್ನ ತಪ್ಪಿನ ಜೊತೆ ನಿಮ್ಮದೂ ಒಂದಿಷ್ಟು ಇದೆ, ಅದನ್ನು ಮನ್ನಾ ಮಾಡುವ ಅಧಿಕಾರ ನನಗಿಲ್ಲ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿಗೆ ಟೋಕನ್ ಕೊಡುವ ಊರು ಇದು. ಒಬ್ಬ ಹೆಂಗಸು ತಲೆಯ ಮೇಲೆ ಹೊತ್ತು ತಂದ ರೊಟ್ಟಿಗೆ ಒಂದು ಟೋಕನ್ ಕೊಡಲು ನಿಮ್ಮ ನಿಯಮದಲ್ಲಿ ಜಾಗವಿಲ್ಲವೇ? ಮುಂದಿನ ಮಹೋತ್ಸವಕ್ಕೆ ಸಹಿ ಹಾಕುವ ಮೊದಲು ಗೇಟಿನಲ್ಲಿ ಒಂದು ಕಪಾಟು ಇಡಿಸಿ. ಎಲ್ಲರೂ ಕೂರುವಂತೆ ಬೆಂಚು ಹಾಕಿಸಿ, ಕಾರ್ಡಿನಲ್ಲಿ ಉಳಿದ ಹಣ ವಾಪಸ್ ಕೊಡಿಸಿ, ಸಾಸವಡದ ಆ ಹೆಣ್ಣುಮಗಳಿಗೆ ಬಾಡಿಗೆ ಇಳಿಸಿ. ಅಲ್ಲಿಯವರೆಗೆ ‘ಅಕ್ಕರೆಯ ಆಹ್ವಾನ’ ಎಂಬ ಎರಡು ಶಬ್ದಗಳನ್ನು ಜಾಹೀರಾತಿನಿಂದ ತೆಗೆಸಿ. ಧೋತರ ಇಷ್ಟು ಹೊತ್ತಿಗೆ ಗೊಬ್ಬರವಾಗಿರುತ್ತದೆ ಎಂದು ನನಗೂ ಗೊತ್ತು. ಸಿಗಲಿಲ್ಲ ಎಂದು ಒಂದು ಸಾಲು ಬರೆದು, ಮುದ್ರೆ ಒತ್ತಿ ಕೊಡಿ. ಅದನ್ನು ನಾನೇ ಚಡಚಣಕ್ಕೆ ತೆಗೆದುಕೊಂಡು ಹೋಗುತ್ತೇನೆ.

ಕನ್ನಡದಲ್ಲಿ ಏಕೆ ಬರೆದೆ ಎಂದು ಹೇಳುತ್ತೇನೆಂದಿದ್ದೆ. ಅಕ್ಕನಿಗೆ ಓದು ಬರುವುದಿಲ್ಲ. ಅವಳ ಸೊಸೆ ಮಾಧುರಿ ಈ ಮಾಸಿಕ ತರಿಸುತ್ತಾಳೆ, ಮಧ್ಯಾಹ್ನ ರೊಟ್ಟಿ ಬಡಿಯುವ ಹೊತ್ತಿನಲ್ಲಿ ಒಲೆಯ ಮುಂದೆ ಕೂತು ಅತ್ತೆಗೆ ಓದಿ ಹೇಳುತ್ತಾಳೆ. ನನಗೆ ಬಾಯಿಗಿಂತ ಬೆರಳಿಗೆ ಧೈರ್ಯ ಹೆಚ್ಚು. ಮಾಧುರಿ, ಇದನ್ನು ಸಾವಕಾಶ ಓದವಾ, ಕೊನೆಗೆ ನನ್ನ ಹೆಸರಿನ ಮೇಲಿರುವ ಸಾಲನ್ನು ಎರಡು ಸಲ ಓದು. ಗೇಟಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿದೆ.

ಇಂತಿ,
ಹೌದು, ಆ ಹೆಣ್ಣುಮಗಳ ಜೊತೆಗೇ ಬಂದಿದ್ದವನು,
ಅವಳ ತಮ್ಮ ಶಿವಪ್ಪ
ನಿಗಡಿ